ಬೀಚಿನ ಟೆಂಟು, ರಾತ್ರಿಯ ಭರತ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಕಡಲತೀರದ ಟೆಂಟುಗಳ ಬಗ್ಗೆ ಒಂದು ಪುಟ ಬಂದಿತ್ತು. ಫೋಟೊ ಚೆನ್ನಾಗಿತ್ತು. ಕಿತ್ತಳೆ ಬಣ್ಣದ ಐದು ಟೆಂಟು, ಅದರಾಚೆ ಒದ್ದೆ ಮರಳು, ಮುಳುಗುವ ಸೂರ್ಯ. ಆ ಒದ್ದೆ ಮರಳು ನೋಡಿಯೇ ಈ ಪತ್ರ ಬರೆಯಲು ಕೂತೆ. ಟೆಂಟಿನ ಗೂಟಕ್ಕೂ ಅದಕ್ಕೂ ಹತ್ತು ಹೆಜ್ಜೆ ದೂರ ಇರಲಿಲ್ಲ.

ನಾನು ಕುಮಟಾ ತಾಲ್ಲೂಕಿನವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ಗೈಡ್ಸ್ ಕ್ಯಾಪ್ಟನ್ ಕೂಡ ನಾನೇ ಆಗಿದ್ದೆ. ಬೇರೆ ಯಾರೂ ಒಪ್ಪದ್ದಕ್ಕೆ ನನ್ನ ತಲೆಗೆ ಕಟ್ಟಿದ್ದು. ಆಮೇಲೆ ಬಿಡಲು ನನಗೇ ಮನಸ್ಸಾಗಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಇಪ್ಪತ್ತು ಇಪ್ಪತ್ತೈದು ಹುಡುಗಿಯರನ್ನು ಕರೆದುಕೊಂಡು ಎರಡು ರಾತ್ರಿ ಕಡಲ ಹತ್ತಿರ ಬಿಡಾರ ಹೂಡುತ್ತಿದ್ದೆವು. ಟಾರ್ಪಾಲು, ಅಡಿಕೆ ಮರದ ದಬ್ಬೆ, ಕತ್ತದ ಹಗ್ಗ, ಇಷ್ಟೇ ನಮ್ಮ ಟೆಂಟು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಷ್ಟು ಗೊತ್ತಿದ್ದವಳು ಕೂಡ ಈ ವರ್ಷ ನೀರಿನಲ್ಲಿ ಮಲಗಿದೆ.

2026ರ ಜನವರಿ 3, ಶನಿವಾರ. ಬನದ ಹುಣ್ಣಿಮೆ. ಬೆಂಗಳೂರಿನಿಂದ ಮಗಳು, ಅಳಿಯ, ಇಬ್ಬರು ಮಕ್ಕಳು ಬಂದಿದ್ದರು. ಅಳಿಯ ಮೊಬೈಲಿನಲ್ಲೇ ಎರಡು ಟೆಂಟು ಬುಕ್ ಮಾಡಿದ್ದ. 'ಸೀ ಟಚ್' ಅಂತ ಅದಕ್ಕೆ ಬೇರೆ ದುಡ್ಡು ಜಾಸ್ತಿ. ಸಮುದ್ರ ಮುಟ್ಟುವ ಟೆಂಟು! ಮುಟ್ಟಿತು, ಆ ಮಾತಿಗೆ ಅವರು ತಪ್ಪಲಿಲ್ಲ. ಬೀಚಿನ ಹೆಸರು, ನಡೆಸುವವರ ಹೆಸರು ಬರೆಯುವುದಿಲ್ಲ. ಅಂಥವು ಈಗ ಕರಾವಳಿ ಉದ್ದಕ್ಕೂ ಇವೆ.

ನಾವು ಹೋದಾಗ ಸಂಜೆ ಐದು ಗಂಟೆ. ಪೂರ್ತಿ ಇಳಿತ. ಸಮುದ್ರ ಎಲ್ಲೋ ದೂರದಲ್ಲಿತ್ತು. ಮಕ್ಕಳು ಏಡಿಯ ಬಿಲ ಹುಡುಕುತ್ತಾ ಓಡಿದರು. ನಾನು ಹಳೇ ಚಾಳಿಯಂತೆ ಮರಳು ನೋಡಿದೆ. ಟೆಂಟಿನ ಕೆಳಗಡೆ ಒಂದು ತೆಳುವಾದ ಕಸದ ಗೆರೆ, ಇನ್ನೂ ಹಸಿ. ಬೆಳಿಗ್ಗೆ ಹನ್ನೊಂದರ ಭರತ, ಅಂದರೆ ಸಮುದ್ರದ ಉಬ್ಬರ, ಬಿಟ್ಟು ಹೋದದ್ದು. ಟೆಂಟಿನ ಹಿಂದೆ, ಅಂದರೆ ಇನ್ನೂ ಮೇಲಕ್ಕೆ, ಇನ್ನೊಂದು ಗೆರೆ. ಒಣ ಕಡ್ಡಿ, ತೆಂಗಿನ ಸಿಪ್ಪೆ, ನೀರಿನ ಬಾಟಲಿ, ಒಂಟಿ ಹವಾಯಿ ಚಪ್ಪಲಿ. ನಮ್ಮ ಟೆಂಟು ಈ ಎರಡು ಗೆರೆಗಳ ನಡುವೆ ಇತ್ತು.

ಅಲ್ಲಿದ್ದ ಹುಡುಗನನ್ನು ಕೇಳಿದೆ. ಕೆಳಗಿನ ಗೆರೆ ತೋರಿಸಿ, 'ಮೇಡಂ, ನೀರು ಅಲ್ಲೀತನಕ ಮಾತ್ರ ಬರೋದು' ಅಂದ. ಘಟ್ಟದ ಮೇಲಿನ ಹುಡುಗ, ಕೆಲಸಕ್ಕೆ ಸೇರಿ ಒಂದು ವಾರ ಆಗಿತ್ತಂತೆ. ಅವನು ಹಗಲು ಕಂಡದ್ದನ್ನು ಹೇಳಿದ, ಅವನ ತಪ್ಪಿಲ್ಲ. ತಪ್ಪು ನನ್ನದು. ಮೇಲಿನ ಗೆರೆ ರಾತ್ರಿಯ ಭರತದ್ದು ಎಂದು ನನಗೆ ಗೊತ್ತಿತ್ತು. ಆದರೆ ಅಳಿಯ ದುಡ್ಡು ಕೊಟ್ಟಾಗಿದೆ, ಮಕ್ಕಳು ಕುಣಿಯುತ್ತಿದ್ದಾರೆ, ಈ ಮುದುಕಿ ಬಂದ ಕೂಡಲೇ ತಕರಾರು ತೆಗೆಯುವುದೇ ಅಂತ ಸುಮ್ಮನಾದೆ.

ರಾತ್ರಿ ಹನ್ನೊಂದು ಕಳೆದಿತ್ತು. ನಿದ್ದೆಗಣ್ಣಲ್ಲಿ ಬೆನ್ನಿನ ಕೆಳಗೆ ಯಾರೋ ತಣ್ಣನೆಯ ಕೈ ಎಳೆದ ಹಾಗಾಯಿತು. ಟೆಂಟಿನ ಅಡಿಯ ಹಾಳೆಯ ಕೆಳಗೆ ನೀರು ನುಗ್ಗಿ ವಾಪಸು ಹೋಗುತ್ತಿತ್ತು. ಹೋಗುವಾಗ ಅಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮಲಗಿದ ಜಾಗವೇ ಕುಸಿದಂತೆ ಆಗುತ್ತದೆ. ಎರಡನೇ ಅಲೆಗೆ ಎದುರಿನ ಎರಡು ಗೂಟ ಕಿತ್ತು ಬಂದವು. ಮೊಮ್ಮಗ ಎದ್ದು ಕೂತು, 'ಅಮ್ಮಮ್ಮ, ನಾವು ದೋಣಿಯಲ್ಲಿದ್ದೀವಾ?' ಅಂದ. ಅವನಿಗೆ ಖುಷಿ! ಮಗಳು ಇನ್ನೊಂದು ಟೆಂಟಿನಿಂದ ಮಗುವನ್ನು ಎತ್ತಿಕೊಂಡು ಮೇಲಕ್ಕೆ ಓಡಿದಳು. ನೀರು ಮೊಣಕಾಲು ಕೂಡ ಮುಟ್ಟಲಿಲ್ಲ ಅನ್ನಿ. ಆದರೆ ಕತ್ತಲಲ್ಲಿ, ಮಲಗಿದ ಎರಡು ವರ್ಷದ ಮಗುವಿಗೆ ಎಷ್ಟು ನೀರು ಬೇಕು ಹೇಳಿ.

ಗಾಳಿ ಮರದ, ಅಂದರೆ ಸರ್ವೆ ಮರದ, ಅಡಿಗೆ ಎಲ್ಲ ಎಳೆದು ಹಾಕಿಕೊಂಡು ಬೆಳಗು ಮಾಡಿದೆವು. ಬೆಳಿಗ್ಗೆ ಪಾತಿ ದೋಣಿ ನೀರಿಗಿಳಿಸಲು ಬಂದವನು ನನ್ನ ಹಳೇ ವಿದ್ಯಾರ್ಥಿ. ಟೆಂಟಿನ ಅವಸ್ಥೆ ನೋಡಿದ, ನನ್ನನ್ನು ನೋಡಿದ. 'ಅಕ್ಕೋರೆ, ನೀವೂ ಇಲ್ಲೇ ಮಲಗಿದ್ರಾ?' ಅಂದ. ಅಷ್ಟೇ ಅಂದದ್ದು. ನನ್ನ ಮೂವತ್ತೊಂದು ವರ್ಷದ ಮಾನ ಅಲ್ಲಿಗೇ ಹೋಯಿತು. ಅವನ ದೋಣಿ ಇದ್ದದ್ದು ಮೇಲಿನ ಗೆರೆಯಿಂದಲೂ ಇಪ್ಪತ್ತು ಹೆಜ್ಜೆ ಮೇಲೆ.

ಈಗ ಪಾಠ ಮಾಡುತ್ತೇನೆ, ಅಭ್ಯಾಸ ಬಲ, ಕ್ಷಮಿಸಿ. ಪುಸ್ತಕದಲ್ಲಿ ಉಬ್ಬರ ಅಂತ ಇರುವುದನ್ನೇ ನಮ್ಮಲ್ಲಿ ಭರತ ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ದಿನಕ್ಕೆ ಎರಡು ಗಳಿಗೆ ಅಂತ ಲೆಕ್ಕ ಇಟ್ಟುಕೊಂಡರೆ ಸಾಕು, ಪಂಚಾಂಗ ಇದ್ದವರಿಗೆ ಗಡಿಯಾರವೇ ಬೇಡ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನಗಳಲ್ಲಿ ನೀರು ಅತಿ ಮೇಲೆ ಬರುತ್ತದೆ, ಅತಿ ಕೆಳಗೂ ಹೋಗುತ್ತದೆ. ಕಾರವಾರದ ಕಡೆ ಆಗ ಏರಿಳಿತದ ಅಂತರ ಸುಮಾರು ಒಂದೂವರೆ ಮೀಟರ್. ಕೇಳಲು ಸಣ್ಣದು. ಆದರೆ ಇಳಿಜಾರು ಕಡಿಮೆ ಇರುವ ಬೀಚಿನಲ್ಲಿ ಆ ಒಂದೂವರೆ ಮೀಟರ್ ಏರಲು ನೀರು ಎಷ್ಟೋ ದೂರ ಒಳಗೆ ಬರಬೇಕಾಗುತ್ತದೆ. ಅಷ್ಟಮಿ ನವಮಿ ಹೊತ್ತಿಗೆ ಭರತ ಸಪ್ಪೆ.

ಹೊರಗಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ದಿನದ ಎರಡು ಭರತಗಳೂ ಒಂದೇ ಎತ್ತರದವಲ್ಲ. ಚಳಿಗಾಲದ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹಗಲಿನದಕ್ಕಿಂತ ರಾತ್ರಿಯ ಭರತ ದೊಡ್ಡದು. ಮಳೆಗಾಲದಲ್ಲಿ ಇದು ತಿರುಗುಮುರುಗು. ಪ್ರವಾಸಿಗರು ಬರುವುದು ಡಿಸೆಂಬರ್ ಜನವರಿಯಲ್ಲಿ. ಹಗಲು ನೀರು ಎಲ್ಲಿಗೆ ಬಂತು ಅಂತ ನೋಡಿಯೇ ಜಾಗ ಆರಿಸುತ್ತಾರೆ. ಬುದ್ಧಿವಂತರೇ ಹೀಗೆ ಮೋಸ ಹೋಗುವುದು.

ಇದಲ್ಲದೆ, ಗಾಳಿ ಮಳೆ ಏನೂ ಇಲ್ಲದ ದಿನ ದೂರದ ದಕ್ಷಿಣ ಸಾಗರದಿಂದ ಉದ್ದದ ಅಲೆಗಳು ಬಂದು ದಡಕ್ಕೆ ನುಗ್ಗುವುದುಂಟು. ಕೇರಳದವರು 'ಕಳ್ಳಕ್ಕಡಲ್' ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್ಕಾಯಿಸ್ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಮೀನುಗಾರರ ಮೊಬೈಲಿಗೆ ಬರುವ ಈ ಸುದ್ದಿ ಟೆಂಟಿನವರ ಕಿವಿಗೆ ಬೀಳುವುದೇ ಅಪರೂಪ.

ಹಾಗಾದರೆ ಟೆಂಟು ಎಲ್ಲಿ ಹಾಕಬೇಕು? ಮೇಲಿನ ಕಸದ ಗೆರೆ ಹುಡುಕಿ. ಅದನ್ನೂ ದಾಟಿ, ನೇರಳೆ ಹೂವು ಬಿಡುವ ಬಳ್ಳಿ ಮರಳಿನ ಮೇಲೆ ಹಬ್ಬಿರುವಲ್ಲಿಗೆ ಬನ್ನಿ. ಆ ಬಳ್ಳಿಯ ಮೇಲೂ ಹಾಕಬೇಡಿ, ಮರಳು ಹಿಡಿದಿಟ್ಟಿರುವುದು ಅದೇ. ಅದರ ಹಿಂದೆ ಹಾಕಿ. ಅನುಮಾನ ಇದ್ದರೆ ಊರಿನ ದೋಣಿಗಳನ್ನು ರಾತ್ರಿ ಎಲ್ಲಿಗೆ ಎಳೆದಿಟ್ಟಿದ್ದಾರೆ ನೋಡಿ, ಅದಕ್ಕಿಂತ ಕೆಳಗೆ ಮಲಗಬೇಡಿ. ಅಳಿವೆಯ ಬಾಯಲ್ಲಂತೂ ಬೇಡವೇ ಬೇಡ. ನದಿ ಸಮುದ್ರ ಸೇರುವಲ್ಲಿ ಮರಳದಿಬ್ಬ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ.

ಇನ್ನು ಸೆಕೆ. ಜನವರಿಯಲ್ಲೂ ನಮ್ಮಲ್ಲಿ ಮಧ್ಯಾಹ್ನ ಮೂವತ್ತೆರಡು ಡಿಗ್ರಿ ಇರುತ್ತದೆ, ಗಾಳಿಯಲ್ಲಿ ಪಸೆ ಬೇರೆ. ಬೆಂಗಳೂರಿನವರು ಸಮುದ್ರದ ಗಾಳಿ ಬೇಕೆಂದು ಟೆಂಟಿನ ಬಾಗಿಲನ್ನು ಪಡುವಣಕ್ಕೆ ತೆರೆದಿಡುತ್ತಾರೆ. ಮಧ್ಯಾಹ್ನಕ್ಕೆ ಅದು ಸರಿ. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತದೆ. ಹಿಂದೆ ಹಾಯಿ ದೋಣಿಯವರು ನಸುಕಿನಲ್ಲಿ ಈ ಗಾಳಿ ಹಿಡಿದೇ ಹೊರಡುತ್ತಿದ್ದರು, ಮಧ್ಯಾಹ್ನದ ಗಾಳಿಗೆ ವಾಪಸು ಬರುತ್ತಿದ್ದರು. ಹಾಗಾಗಿ ಪೂರ್ವ ಪಶ್ಚಿಮ ಎರಡೂ ಕಡೆ ತೆರೆಯುವ ಟೆಂಟು ಬೇಕು. ಇಲ್ಲದಿದ್ದರೆ ಒಳಗೆ ಇಡ್ಲಿ ಬೇಯುತ್ತದೆ. ಆ ರಾತ್ರಿ ಮರದಡಿಯಲ್ಲಿ ನಾವು ಐದು ಜನ ಒಂದೇ ಟೆಂಟಿನಲ್ಲಿ ಜಿಪ್ಪು ಹಾಕಿಕೊಂಡು ಕೂತಿದ್ದೆವು, ಸೊಳ್ಳೆಗೆ ಹೆದರಿ. ಬೆಳಿಗ್ಗೆ ಟೆಂಟಿನ ಒಳಮೈಯೆಲ್ಲ ನೀರು. ಸೋರುತ್ತಿದೆ ಅಂದುಕೊಂಡ ಅಳಿಯ. ಅದು ನಮ್ಮದೇ ಉಸಿರಿನ ಪಸೆ. ಮೊಮ್ಮಗ ಅದರ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದ.

ಸೊಳ್ಳೆ ಬಂದದ್ದೂ ಜಾಗದ ದೋಷದಿಂದಲೇ. ಬೀಚಿನ ಹಿಂದೆಯೇ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ ಇತ್ತು, ನಿಂತ ನೀರು. ರಾತ್ರಿಯ ಗಾಳಿ ಅಲ್ಲಿಂದಲೇ ಬರಬೇಕು. ಒಂದು ಕಡೆ ಸಮುದ್ರ, ಒಂದು ಕಡೆ ಹಿನ್ನೀರು ಅಂತ ಜಾಹೀರಾತಿನಲ್ಲಿ ಓದಿದರೆ ಚೆಂದ. ಮರವಂತೆಯ ಹಾಗೆ ದಾರಿಯಲ್ಲಿ ನಿಂತು ನೋಡಿ ಹೋಗಲಿಕ್ಕೆ ನಿಜಕ್ಕೂ ಚೆಂದವೇ. ಮಲಗುವುದು ಬೇರೆ ವಿಷಯ.

ನೆರಳಿಗೆ ಗಾಳಿ ಮರ ಒಳ್ಳೆಯದು, ಗಾಳಿ ಆಡುತ್ತದೆ. ತೆಂಗಿನ ಮರದಡಿ ಹಾಕುವವರನ್ನು ನೋಡಿದರೆ ನನಗೆ ಜೀವ ಹಾರಿಹೋಗುತ್ತದೆ. ಕಾಯಿ ಬಿಡಿ, ಒಣಗಿದ ಮಡಲು ಬಿದ್ದರೂ ಸಾಕು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಅಕ್ಕಿ ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂಳಬೇಕು. ಬಾವಿ ಎಲ್ಲಿದೆ, ಪಾಯಿಖಾನೆ ಗುಂಡಿ ಎಲ್ಲಿದೆ ಎರಡನ್ನೂ ಹೋಗಿ ನೋಡಿ. ಮರಳು ನೆಲದಲ್ಲಿ ಇದರ ನೀರು ಅದಕ್ಕೆ ಇಳಿಯಲು ಜಾಸ್ತಿ ಹೊತ್ತು ಬೇಡ. ನಾನು ಹುಡುಗಿಯರನ್ನು ಕರೆದೊಯ್ಯುವಾಗ ಮೊದಲು ನೋಡುತ್ತಿದ್ದದ್ದೇ ಇದನ್ನು. ಸೂರ್ಯಾಸ್ತ ಎಲ್ಲಿ ನಿಂತರೂ ಕಾಣುತ್ತದೆ.

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಸರಿಯಾದ ಕಾಲ. ಆಮೇಲೆ ಸೆಕೆ, ಮೇ ತಿಂಗಳಲ್ಲಿ ಸಂಜೆ ಗುಡುಗು ಸಿಡಿಲು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕರಾವಳಿಯಲ್ಲಿ ಏನಾಯಿತು ನಿಮ್ಮ ಪತ್ರಿಕೆಯೇ ಬರೆದಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಆ ಕಾಲದಲ್ಲೂ ಮರಳಿನ ಮೇಲೆ ಟೆಂಟು ಕೇಳುವವರು ಇದ್ದಾರೆ, ಏನು ಹೇಳುವುದು.

ಚಳಿಗಾಲದಲ್ಲಿ ಇನ್ನೊಬ್ಬರು ಕೂಡ ಬರುತ್ತಾರೆ, ಕಡಲಾಮೆಗಳು. ಹೊನ್ನಾವರದ ಕಾಸರಕೋಡು ಕಡೆ ಮೇಲಿನ ಮರಳಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. 45ರಿಂದ 60 ದಿನಕ್ಕೆ ಮರಿಗಳು ಹೊರಬಂದು ಬೆಳಕಿದ್ದ ಕಡೆಗೆ ತೆವಳುತ್ತವೆ. ಟೆಂಟಿನ ಸುತ್ತ ಬಣ್ಣದ ಲೈಟಿನ ಮಾಲೆ ಹಾಕಿದ್ದರೆ ಸಮುದ್ರ ಬಿಟ್ಟು ಅಲ್ಲಿಗೇ ಬರುತ್ತವೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿಯಾದ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ಕಾಸರಕೋಡು, ಪಡುಬಿದ್ರಿ ಬೀಚುಗಳಲ್ಲಿ ಕಂಡಲ್ಲಿ ಟೆಂಟು ಹಾಕುವ ಹಾಗೇ ಇಲ್ಲ, ಆ ಮಾನ್ಯತೆಯ ಷರತ್ತಿನಲ್ಲೇ ಇದೆ. ಉಳಿದ ಬೀಚುಗಳಿಗೂ ಹಾಗೊಂದು ಗೆರೆ ಎಳೆದರೆ ನನ್ನದೇನೂ ತಕರಾರಿಲ್ಲ.

ನಾನು ಕೇಳಲು ಹೊರಟದ್ದು ನಿಮ್ಮಲ್ಲಿ ಒಂದೇ. ನಿಮ್ಮ ಜಿಲ್ಲಾ ಪುಟದಲ್ಲಿ ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ ದಿನವೂ ಬರುತ್ತದೆ. ಅದರ ಕೆಳಗೆ ಕಾರವಾರ ಮತ್ತು ಮಂಗಳೂರಿನ ಭರತ ಇಳಿತದ ವೇಳೆ ಹಾಕಿ. ಎರಡೇ ಸಾಲು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಈ ಪಟ್ಟಿಯನ್ನು ಮುಂಚಿತವಾಗಿಯೇ ಅಚ್ಚು ಹಾಕುತ್ತದೆ. ಎರಡರಲ್ಲಿ ದೊಡ್ಡ ಭರತ ಯಾವುದೋ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಜಾಗ ಸಾಲದಿದ್ದರೆ ರಾಶಿಫಲದಲ್ಲಿ ಒಂದೆರಡು ಸಾಲು ಕಡಿಮೆ ಮಾಡಿ, ನನ್ನ ವೃಶ್ಚಿಕ ರಾಶಿಯದ್ದನ್ನೇ ಬೇಕಾದರೆ ತೆಗೆಯಿರಿ. ಜನವರಿ 3ಕ್ಕೆ ಅದರಲ್ಲಿ 'ಕುಟುಂಬದೊಂದಿಗೆ ಸುಖ ನಿದ್ರೆ' ಅಂತ ಇತ್ತು.

ಸ್ವಲ್ಪ ಬೇಗ ಶುರು ಮಾಡಿ ಅಂತ ಕೋರುತ್ತೇನೆ. ಫೆಬ್ರವರಿ 15ಕ್ಕೆ ಶಿವರಾತ್ರಿ, ಅದೂ ಭಾನುವಾರ. ಗೋಕರ್ಣಕ್ಕೆ ಎಷ್ಟು ಜನ ಬರುತ್ತಾರೆ ನಿಮಗೆ ಗೊತ್ತು. ರೂಮು ಸಿಗದವರು ಕುಡ್ಲೆಯಲ್ಲೋ ಓಂ ಬೀಚಿನಲ್ಲೋ ಮರಳಿನ ಮೇಲೆಯೇ ಒರಗುತ್ತಾರೆ. ಶಿವರಾತ್ರಿ ಯಾವಾಗಲೂ ಅಮಾವಾಸ್ಯೆಗೆ ಮುಂಚಿನ ಚತುರ್ದಶಿಗೇ ಬರುವುದು, ಭರತ ಏರುವ ದಿನಗಳೇ ಅವು. ಅಳಿಯ ಕೂಡ ಅವತ್ತಿಗೇ ಮತ್ತೆ ಟೆಂಟು ಬುಕ್ ಮಾಡಲೇ ಅತ್ತೆ ಅಂತ ಕೇಳಿದ್ದಾನೆ. ಈ ಸಲ ಜಾಗ ನಾನೇ ನೋಡಿಕೊಂಡು ಬಂದಿದ್ದೇನೆ, ದೋಣಿಗಳ ಹಿಂದೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಕುಮಟಾ ತಾಲ್ಲೂಕು, ಉತ್ತರ ಕನ್ನಡ
(ದಯವಿಟ್ಟು ಹೆಸರು ಹಾಕಬೇಡಿ. ದೋಣಿಯ ಹುಡುಗ ಊರಿಗೆಲ್ಲ ಹೇಳಿದ್ದಾನೆ, ಅಷ್ಟು ಸಾಕು.)