ಒಂದೇ ಸಲಕ್ಕೆ ತೊಳೆದು ಹೋಗಬೇಕು, ಅಷ್ಟೇ

ಪ್ರೀತಿಯ ಗೆಳೆಯ,

ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೇನೆ, ನೀರು ಕಡಿಮೆ ಹಿಡಿಯೋ ಕಮೋಡ್ ಯಾವುದು ಹೇಳು ಅಂತ ನೀನು ಕೇಳಿದ್ದೆ. ಫೋನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ. ಡಬ್ಬದ ಮೇಲಿನ ಲೀಟರ್ ಲೆಕ್ಕವೊಂದನ್ನೇ ನೋಡಿ ತಗೋಬೇಡ. ಮೂರು ಲೀಟರಿನದು ಅಂತ ತಂದು ಮೂರು ಸಲ ಒತ್ತಿದರೆ ಉಳಿದದ್ದೇನು?

ಲೆಕ್ಕ ಬೇಡ ಅಂತಲ್ಲ. ಹಳೇ ಕಾಲದ ಕಮೋಡ್‌ಗಳಲ್ಲಿ ಒಂದು ಫ್ಲಶ್‌ಗೆ 13 ಲೀಟರ್ ಹೋಗುವುದು ಮಾಮೂಲಿ. ಈಗ 6 ಲೀಟರಿನವು ಎಲ್ಲ ಕಡೆ ಸಿಗುತ್ತವೆ, 4.8ರವೂ ಇವೆ. ಮನೆಯಲ್ಲಿ ನಾಲ್ಕು ಜನ, ತಲೆಗೆ ದಿನಕ್ಕೆ ಐದು ಸಲ ಅಂತ ಇಟ್ಟುಕೋ. ಹಳೆಯದಕ್ಕೆ 260 ಲೀಟರ್ ಬೇಕು. 6 ಲೀಟರಿನದಕ್ಕೆ 120 ಸಾಕು. ದೊಡ್ಡ ಬಟನ್‌ಗೆ 6, ಚಿಕ್ಕದಕ್ಕೆ 3 ಲೀಟರ್ ಹೋಗುವ ಎರಡು ಬಟನ್‌ನದು ಹಾಕಿಸಿ, ದೊಡ್ಡದನ್ನು ತಲೆಗೆ ದಿನಕ್ಕೆ ಒಂದೇ ಸಲ ಒತ್ತಿದರೆ 72ಕ್ಕೆ ಇಳಿಯುತ್ತದೆ.

ಈ ಎರಡು ಬಟನ್‌ನದು ಬಂದದ್ದು ಆಸ್ಟ್ರೇಲಿಯಾದಿಂದ. 1980ರಲ್ಲಿ ಕರೋಮಾ ಕಂಪನಿಯ ಬ್ರೂಸ್ ಥಾಂಪ್ಸನ್ ಮಾಡಿದ್ದು. ಆಗ ದೊಡ್ಡದಕ್ಕೆ 11 ಲೀಟರ್, ಚಿಕ್ಕದಕ್ಕೆ 5.5. ಅವರ ಚಿಕ್ಕ ಫ್ಲಶ್ ಹೆಚ್ಚುಕಡಿಮೆ ನಮ್ಮ ಈಗಿನ ದೊಡ್ಡ ಫ್ಲಶ್! ನೀರು ಇಳಿಸುತ್ತಾ ಹೋದಂತೆ ಬೌಲ್‌ನ ಆಕಾರವನ್ನೂ ಬದಲಿಸಬೇಕಾಯಿತು. ಹಳೇ ಟ್ಯಾಂಕ್ ಒಳಗೆ ಇಟ್ಟಿಗೆ ಇಟ್ಟರೆ ಸಾಕಲ್ವಾ ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ನಿರು. 13 ಲೀಟರಿಗೆಂದು ಮಾಡಿದ ಬೌಲ್‌ನಲ್ಲಿ ಕಡಿಮೆ ನೀರು ಬಿಟ್ಟರೆ ಸರಿಯಾಗಿ ತೊಳೆಯುವುದಿಲ್ಲ. ಇಟ್ಟಿಗೆ ಉದುರಿ, ಅದರ ಪುಡಿ ವಾಲ್ವಿಗೆ ಬೇರೆ ಸಿಕ್ಕಿಕೊಳ್ಳುತ್ತದೆ.

ಅಮೆರಿಕದಲ್ಲಿ ಇಂಥದ್ದೇ ಎಡವಟ್ಟು ಆಗಿತ್ತು. 1992ರಲ್ಲಿ ಕಾನೂನು ಮಾಡಿ, 1994ರಿಂದ ಮನೆಯ ಕಮೋಡ್‌ಗೆ ಸುಮಾರು 6 ಲೀಟರ್ ಮಿತಿ ಹಾಕಿದರು. ಆರಂಭದಲ್ಲಿ ಬಂದ ಎಷ್ಟೋ ಮಾಡೆಲ್‌ಗಳು ಒಂದೇ ಸಲಕ್ಕೆ ತೊಳೆಯುತ್ತಿರಲಿಲ್ಲ. ಜನ ಬೈದುಕೊಂಡು ಎರಡೆರಡು ಸಲ ಒತ್ತಿದರು. ಆಮೇಲೆ 2003ರಲ್ಲಿ ಅಮೆರಿಕ, ಕೆನಡಾಗಳಲ್ಲಿ 'ಮ್ಯಾಪ್' ಅನ್ನೋ ಪರೀಕ್ಷೆ ಶುರುವಾಯಿತು. ನಗಬೇಡ, ಸೋಯಾಬೀನ್ ಮುದ್ದೆಯನ್ನು ಬೌಲ್‌ಗೆ ಹಾಕಿ ಒಂದೇ ಫ್ಲಶ್‌ನಲ್ಲಿ ಎಷ್ಟು ಗ್ರಾಂ ಹೋಗುತ್ತದೆ ಅಂತ ನೋಡುತ್ತಾರೆ. ನೀರು ಉಳಿಸುವ ಸಾಮಾನಿಗೆ ಅಮೆರಿಕದಲ್ಲಿ ಕೊಡುವ 'ವಾಟರ್‌ಸೆನ್ಸ್' ಗುರುತು ಸಿಗಬೇಕಾದರೆ 4.8 ಲೀಟರ್ ಒಳಗೆ ಕನಿಷ್ಠ 350 ಗ್ರಾಂ ಹೋಗಲೇಬೇಕು. ನೀನು ನೋಡುವ ಮಾಡೆಲ್‌ಗೆ ಈ ಗ್ರಾಂ ಲೆಕ್ಕ ಇದ್ದರೆ, ಲೀಟರಿಗಿಂತ ಮೊದಲು ಅದನ್ನು ನೋಡು.

ಇಲ್ಲದಿದ್ದರೆ ಕೈಯೇ ಗತಿ. ಬೌಲ್‌ನಿಂದ ನೀರು ಹೊರಹೋಗುವ ಬಾಯಿ ಇರುತ್ತದಲ್ಲ, ಅದರೊಳಗೆ ಬೆರಳು ಹಾಕಿ ಸವರಿ ನೋಡು. ಹೊರಗಿನಷ್ಟೇ ನುಣ್ಣಗಿದ್ದರೆ ಒಳಗೂ ಗ್ಲೇಜ್, ಅಂದರೆ ಗಾಜಿನಂಥ ನುಣುಪು ಲೇಪ, ಮಾಡಿದ್ದಾರೆ ಅಂತ ಅರ್ಥ. ಒರಟಾಗಿದ್ದರೆ ಕಡಿಮೆ ನೀರಿನಲ್ಲಿ ಅಲ್ಲೇ ಹಿಡಿದು ನಿಲ್ಲುತ್ತದೆ. ಶೋರೂಮಿನ ಹುಡುಗ ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡು.

ಸೈಫಾನಿಕ್ಕೋ ವಾಷ್‌ಡೌನೋ ಅಂತ ಕೇಳುತ್ತಾರೆ. ಸೈಫಾನಿಕ್‌ನಲ್ಲಿ ನೀರು ಎಳೆದುಕೊಂಡು ಹೋಗುತ್ತದೆ. ಬೌಲ್‌ನಲ್ಲಿ ನೀರು ಅಗಲಕ್ಕೆ ನಿಲ್ಲುವುದರಿಂದ ಕಲೆ ಕಡಿಮೆ. ಆದರೆ ದಾರಿ ಕಿರಿದು, ಅಂಕುಡೊಂಕು, ಕಟ್ಟಿಕೊಳ್ಳುವುದು ಜಾಸ್ತಿ. ವಾಷ್‌ಡೌನ್ ಸುಮ್ನೆ ತಳ್ಳಿಬಿಡುತ್ತದೆ. ದಾರಿ ಅಗಲ, ಕಡಿಮೆ ನೀರಿಗೆ ಹೊಂದುತ್ತದೆ. ಆಗಾಗ ಬ್ರಷ್ ಹಿಡಿಯಬೇಕು, ಅದೊಂದೇ ರಗಳೆ. ನನ್ನ ಓಟು ವಾಷ್‌ಡೌನ್‌ಗೆ.

ಇನ್ನೊಂದು ವಿಷಯ, ಅಂಗಡಿಯವರು ಬಾಯಿ ಬಿಡದ್ದು: ಸೋರಿಕೆ. ಎರಡು ಬಟನ್‌ನ ಟ್ಯಾಂಕಿನ ತಳದಲ್ಲಿ ಒಂದು ರಬ್ಬರ್ ವಾಷರ್ ಇರುತ್ತದೆ. ಅದು ಸವೆದರೆ, ಅಥವಾ ಗಡಸು ನೀರಿನ ಬಿಳಿ ಪದರ ಕೂತರೆ, ಬೌಲ್‌ನ ಹಿಂಬದಿಯಲ್ಲಿ ನೂಲಿನೆಳೆಯಷ್ಟು ನೀರು ಹಗಲು ರಾತ್ರಿ ಇಳಿಯುತ್ತಲೇ ಇರುತ್ತದೆ. ಸದ್ದೂ ಇಲ್ಲ, ಕಣ್ಣಿಗೂ ಕಾಣುವುದಿಲ್ಲ. ಬ್ರಿಟನ್ನಿನ 'ವಾಟರ್‌ವೈಸ್' ಸಂಸ್ಥೆ 2020ರಲ್ಲಿ ಅಂದಾಜು ಮಾಡಿದ ಪ್ರಕಾರ, ಅಲ್ಲಿನ ಕಮೋಡ್‌ಗಳಿಂದಲೇ ದಿನಕ್ಕೆ 40 ಕೋಟಿ ಲೀಟರ್ ಸೋರಿಹೋಗುತ್ತಿತ್ತು. ಅವುಗಳಲ್ಲಿ ಹೆಚ್ಚಿನವು ಎರಡು ಬಟನ್‌ನವೇ! ಕಂಡುಹಿಡಿಯೋದು ಸುಲಭ. ರಾತ್ರಿ ಫ್ಲಶ್ ಮಾಡಿ ಅರ್ಧ ಗಂಟೆ ಬಿಟ್ಟು, ಬೌಲ್‌ನ ಹಿಂಬದಿಯನ್ನು ಒರೆಸಿ, ಒಣ ಟಿಶ್ಯೂ ಪೇಪರ್ ಅಂಟಿಸಿ ಬಿಡು. ಬೆಳಗ್ಗೆ ನೋಡಿದಾಗ ಒದ್ದೆಯಾಗಿದ್ದರೆ ಸೋರುತ್ತಿದೆ ಅಂತಲೇ, ಆ ವಾಷರ್ ಹೋಗಿರಬಹುದು. ಅದಕ್ಕೇ, ತಗೊಳ್ಳೋಕೆ ಮುಂಚೆ ಆ ಮಾಡೆಲ್‌ನ ವಾಷರ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳು. ಟ್ಯಾಂಕ್ ಗೋಡೆಯೊಳಗೆ ಹೂತಿಡುವ ಆಸೆ ಇದ್ದರೆ, ಬಟನ್ ಪ್ಲೇಟ್ ತೆಗೆದಾಗ ಒಳಗಿನ ಸಾಮಾನೆಲ್ಲ ಆ ಕಿಂಡಿಯಿಂದಲೇ ಹೊರಬರುತ್ತದಾ ಅಂತ ಖಾತ್ರಿ ಮಾಡಿಕೋ. ಇಲ್ಲದಿದ್ದರೆ ಮುಂದೆ ಟೈಲ್ಸ್ ಒಡೆಸಬೇಕು.

ಬಟನ್‌ಗಳ ಗಾತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಲಿ. ಒಂದೇ ಥರ ಇದ್ದರೆ ಮನೆಗೆ ಬಂದವರು ಎರಡನ್ನೂ ಒಟ್ಟಿಗೆ ಒತ್ತಿ ಬರುತ್ತಾರೆ.

ಹೇಗೂ ನೆಲ ಅಗೆಯುತ್ತಿದ್ದೀಯಲ್ಲ, ಪೈಪಿನ ಇಳಿಜಾರು ಸರಿ ಇದೆಯಾ ಅಂತ ಪ್ಲಂಬರ್‌ಗೆ ಈಗಲೇ ಹೇಳಿ ನೋಡಿಸು. ನೀರು ಕಡಿಮೆಯಾದಾಗ ಉದ್ದದ, ಸಪಾಟಾದ ಪೈಪಿನಲ್ಲಿ ಕಸ ಅರ್ಧಕ್ಕೇ ಕೂರುತ್ತದೆ. ಕಮೋಡಿನಿಂದ ಹೊರಹೋಗುವ ಪೈಪು ನೆಲದಲ್ಲಿದ್ದರೆ ಎಸ್ ಟ್ರ್ಯಾಪ್ ಅನ್ನೋ ಥರದ ಕಮೋಡ್ ಬೇಕು, ಗೋಡೆಯಲ್ಲಿದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ಪೈಪಿನ ನಡುಮಧ್ಯದವರೆಗೆ ಟೇಪ್ ಹಿಡಿದು ಅಳೆ. ಗೋಡೆಗೆ ಇನ್ನೂ ಹಾಕಬೇಕಿರುವ ಟೈಲ್ಸ್ ದಪ್ಪವನ್ನು ಅದರಲ್ಲಿ ಕಳೆಯೋದು ಮರೀಬೇಡ. ಆ ಅಳತೆ ಬರೆದು ಕಳಿಸು, ಆಮೇಲೆ ಮಾಡೆಲ್ ಯಾವುದು ಅಂತ ಕೂತು ನೋಡೋಣ.

ನಿನ್ನ ಗೆಳೆಯ