ಅಪ್ಪನಿಗೆ, ಟೆಕ್ಸಸ್‌ನಿಂದ

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಹೋದ ವಾರ ದೊಡ್ಡಪ್ಪ ಕಳಿಸಿದ ಸಂದೇಶ ನೋಡಿ ಫೋನಿನಲ್ಲಿ ನೀವು, "ಕದ್ದು ಗಡಿ ದಾಟಿ ಬಂದವರೇ ಅಲ್ಲಿ ಕೊಲೆ, ಸುಲಿಗೆ ಮಾಡುವುದಂತೆ, ಹುಷಾರಾಗಿರು" ಎಂದಿರಿ. ಅದಕ್ಕೆ ಅರ್ಧಂಬರ್ಧ ಉತ್ತರ ಕೊಡಲು ಮನಸ್ಸಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಟೆಕ್ಸಸ್‌ನಲ್ಲಿ ಬಂಧಿತರ ಬೆರಳಚ್ಚನ್ನು ವಲಸೆ ದಾಖಲೆಗಳೊಂದಿಗೆ ತಾಳೆ ನೋಡುತ್ತಾರೆ. ಹಾಗಾಗಿ ಇಲ್ಲಿ ನಂಬಬಹುದಾದ ಲೆಕ್ಕ ಸಿಗುತ್ತದೆ. 2012ರಿಂದ 2018ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಜನಸಂಖ್ಯೆಗೆ ಅನುಗುಣವಾಗಿ ನೋಡಿದರೆ, ಹಿಂಸಾಕೃತ್ಯಗಳಿಗಾಗಿ ಬಂಧಿತರಾಗುವ ಪ್ರಮಾಣ ದಾಖಲೆಯಿಲ್ಲದ ವಲಸಿಗರಿಗಿಂತ ಇಲ್ಲೇ ಹುಟ್ಟಿದ ಪ್ರಜೆಗಳಲ್ಲಿ ಎರಡು ಪಟ್ಟಿಗೂ ಹೆಚ್ಚು! ಸರ್ಕಾರವೇ ನೇಮಿಸಿದ್ದ ವಿಕರ್‌ಶ್ಯಾಮ್ ಆಯೋಗವೂ 1931ರಲ್ಲಿ ವಲಸಿಗರ ಬಗ್ಗೆ ಇಂಥದೇ ಮಾತು ಹೇಳಿತ್ತು. ಆ ಕಾಲದಲ್ಲಿ ಈ ಅಪವಾದ ಹೊತ್ತವರಲ್ಲಿ ಇಟಲಿಯವರಿದ್ದರು. ಇಂದು ಅವರ ಮೊಮ್ಮಕ್ಕಳನ್ನು ಯಾರೂ ಹಾಗೆ ನೋಡುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಪೌರತ್ವ ಕಣ್ಣಿಗೆ ಕಾಣುವುದಿಲ್ಲ. ಜನ ಬಣ್ಣ ನೋಡಿ ಕಾಗದಪತ್ರವನ್ನು ಊಹಿಸುತ್ತಾರೆ, ಆ ಊಹೆಯ ಮೇಲೆ ಅಪರಾಧವನ್ನೂ ಹೊರಿಸುತ್ತಾರೆ. ಮೆಕ್ಸಿಕೊ ಮೂಲದ ನನ್ನ ಸಹೋದ್ಯೋಗಿಯ ಅಜ್ಜನೇ ಇಲ್ಲಿ ಹುಟ್ಟಿದವರು. ಆದರೂ ಎಲ್ಲೋ ಒಬ್ಬ ವಲಸಿಗ ಕೊಲೆ ಮಾಡಿದ ಸುದ್ದಿ ಬಂದರೆ ಸಾಕು, ಹದಿಹರೆಯದ ಮಗನನ್ನು ಹೊರಗೆ ಕಳಿಸಲು ಆಕೆ ಹೆದರುತ್ತಾಳೆ. ವೀಸಾ ಅವಧಿ ಮೀರಿ ಉಳಿದ ಬಿಳಿಯ ಯುರೋಪಿಯನ್ನನಿಗೆ ಆ ಭಯವಿಲ್ಲ. ಕಪ್ಪು ಜನರ ಸ್ಥಿತಿ ಇನ್ನೂ ಕ್ರೂರವಾದದ್ದು. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಬಂದ 14ನೆಯ ತಿದ್ದುಪಡಿ ಅವರಿಗೆ ಪೌರತ್ವ ಕೊಟ್ಟಿತು. ಅವರ ಪೌರತ್ವವನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ, ಆದರೆ ಅವರನ್ನು ಹಿಂಸಾಚಾರಿಗಳೆಂದು ಶಂಕಿಸುವುದು ಮಾತ್ರ ನಿಂತಿಲ್ಲ. ಕಾಗದವೇ ಮುಖ್ಯವಾಗಿದ್ದರೆ ಹೀಗಾಗುತ್ತಿತ್ತೇ ಅಪ್ಪಾ?

"ನಿನಗೆ ವೀಸಾ ಇದೆಯಲ್ಲ" ಎಂದು ಸಮಾಧಾನಪಟ್ಟುಕೊಳ್ಳಬೇಡಿ. 2017ರಲ್ಲಿ ಕ್ಯಾನ್ಸಸ್ ರಾಜ್ಯದ ಒಲೇತಾದಲ್ಲಿ ಭಾರತದ ಎಂಜಿನಿಯರ್ ಒಬ್ಬರನ್ನು ಗುಂಡಿಕ್ಕಿ ಕೊಂದವನು, ಅದಕ್ಕೂ ಮೊದಲು ಅವರ ವೀಸಾ ಯಾವುದೆಂದು ವಿಚಾರಿಸಿದ್ದ. ಅವರೂ ಜೊತೆಗಿದ್ದ ಗೆಳೆಯರೂ ಕಾನೂನುಬದ್ಧವಾಗಿಯೇ ಇಲ್ಲಿ ದುಡಿಯುತ್ತಿದ್ದವರು. ಅವನ ಕಣ್ಣಿಗೆ ಅವರು ಇರಾನಿಗಳು.

ಗಾಬರಿಯಾಗಬೇಡಿ, ನಾನು ಎಚ್ಚರದಿಂದಲೇ ಇದ್ದೇನೆ. ದೊಡ್ಡಪ್ಪ ಮತ್ತೆ ಅಂಥ ಸಂದೇಶ ಕಳಿಸಿದರೆ, ಟೆಕ್ಸಸ್‌ನ ಲೆಕ್ಕವನ್ನು ಅವರಿಗೂ ಓದಿ ಹೇಳಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗಳು