ವೈವಾಕ್ಸ್ ಲಸಿಕೆಗೂ ಹಣ ಬೇಕು

ಮಾನ್ಯ ಸಂಪಾದಕರೇ,

ವಿಶ್ವ ಆರೋಗ್ಯ ಸಂಸ್ಥೆ 2021 ಮತ್ತು 2023ರಲ್ಲಿ ಶಿಫಾರಸು ಮಾಡಿದ ಎರಡೂ ಮಲೇರಿಯಾ ಲಸಿಕೆಗಳು ಫಾಲ್ಸಿಪ್ಯಾರಮ್ ಎಂಬ ಪರಾವಲಂಬಿಯ ವಿರುದ್ಧದವು. ಅವುಗಳಲ್ಲಿ ಆರ್21 ನಮ್ಮ ಪುಣೆಯಲ್ಲೇ ತಯಾರಾಗುತ್ತದೆ. ಆದರೆ ಕರಾವಳಿಯಲ್ಲಿ ಹೆಚ್ಚು ಕಾಡುವ ವೈವಾಕ್ಸ್ ಎಂಬ ಇನ್ನೊಂದು ಮಲೇರಿಯಾ ಪರಾವಲಂಬಿಗೆ ಲಸಿಕೆಯೇ ಇಲ್ಲ.

ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು, ತಿಂಗಳುಗಳ ಮೇಲೂ ಚಳಿಜ್ವರ ಮರುಕಳಿಸುತ್ತದೆ. ಜ್ವರಕ್ಕೆ ಕ್ಲೋರೋಕ್ವಿನ್ ಮೂರು ದಿನ, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ 14 ದಿನ ನುಂಗಬೇಕು. ಜ್ವರ ಇಳಿದೊಡನೆ ಬೈತಖೋಲ ಬಂದರಿನಿಂದ ಬೋಟು ಹತ್ತುವ ಕಾರ್ಮಿಕನ ಜೇಬಿನಲ್ಲಿ ಪ್ರೈಮಾಕ್ವಿನ್ ಪಟ್ಟಿ ಅರ್ಧಕ್ಕೇ ಉಳಿದರೆ ಆಶ್ಚರ್ಯವಿಲ್ಲ. ಲಸಿಕೆ ಬೇಕಿರುವುದು ಇಂಥವರಿಗೇ.

ವೈವಾಕ್ಸ್ ಅನ್ನು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸಲಾಗದು. ಹೀಗಾಗಿ ಸಂಶೋಧನೆಗೆ ಹೆಚ್ಚಾಗಿ ರೋಗಿಗಳ ರಕ್ತವನ್ನೇ ನೆಚ್ಚಬೇಕು. ಬಡವರ ಕಾಯಿಲೆಗೆ ಖಾಸಗಿ ಕಂಪನಿಗಳು ಇಂಥ ಸಂಶೋಧನೆಗೆ ಖರ್ಚು ಮಾಡುವುದು ಕಷ್ಟ. ಸರ್ಕಾರಗಳೇ ಹತ್ತು ವರ್ಷಗಳ ಅನುದಾನ ಮೀಸಲಿಟ್ಟು, ಕರಾವಳಿಯ ಜಿಲ್ಲಾಸ್ಪತ್ರೆಗಳಲ್ಲಿ ಒಪ್ಪಿಗೆ ಪಡೆದು ರಕ್ತಮಾದರಿ ಸಂಗ್ರಹಿಸುವ ಘಟಕ ತೆರೆಯಲಿ.

– ಓದುಗರು, ಕಾರವಾರ